ಹದಿನೆಂಟು ಹಲ್ಲಿನ ಗಾಡಿ

ನಮ್ಮ ಚಿಕ್ಕಪ್ಪ ಈ ಪ್ರಪಂಚದಲ್ಲಿ ನಂಬಿದ್ದು ಇಬ್ಬರನ್ನೇ, ಅವರ ಎರಡು ಎತ್ತುಗಳನ್ನು. ಅದರಲ್ಲೂ ಎಡಗಡೆಯದರ ಮೇಲೆ ಅವರಿಗೆ ಒಳಗೊಳಗೇ ಅನುಮಾನವಿತ್ತು!

ಮಿಕ್ಕವರೆಲ್ಲ ಮೋಸಗಾರರೇ. ಪೋಸ್ಟ್‌ಮನ್ ನಕ್ಕರೆ ಕಾಗದ ಒಡೆದು ಓದಿದ್ದಾನೆ. ನಗದಿದ್ದರೆ ಓದಿ ಬೇಜಾರಾಗಿದ್ದಾನೆ. ಯಲಹಂಕದ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, "ಏನೋ ಐತೆ ಕಣವ್ವ ಇದ್ರಲ್ಲಿ" ಎಂದು ಹತ್ತದೆ ನಿಂತುಬಿಡುತ್ತಿದ್ದರು. ಇಂಥ ಮನುಷ್ಯನ ಕೈಗೆ ನನ್ನ ಹಣೆಬರಹ ಸಿಕ್ಕಿಬಿತ್ತು ನೋಡಿ!

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಬ್ಯಾಟರಾಯನಪುರದ ನಮ್ಮ ಬೀದಿಯಲ್ಲಿ ಅಲ್ಲಿಯತನಕ ಯಾವ ಹುಡುಗಿಯೂ ಆ ತಪ್ಪು ಮಾಡಿರಲಿಲ್ಲ. ಸಾಲದ್ದಕ್ಕೆ ಮಲ್ಲೇಶ್ವರದ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಆದರೆ ಹೋಗುವುದು ಹೇಗೆ? ಬೆಳಗಿನ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ಬಾಗಿಲಲ್ಲೂ ಗಂಡಸರು ಜೋತಾಡುತ್ತಿದ್ದರು. ನನ್ನ ತಂದೆ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ತೀರ್ಪು ಅಜ್ಜಿಯದು.

"ಬಸ್ಸಲ್ಲಿ ಕಳ್ಸಾಕಿಲ್ಲ. ಅಟ್ಟೂರಿನೋರು ಉಡುಗೀನ್ ನೋಡಕ್ಕೆ ಬರ್ತೀವಿ ಅಂತ ಯೋಳಿ ಕಳ್ಸವ್ರೆ. ಊ ಅಂದ್ಬಿಡ್ತೀನಿ" ಎಂದಳು ಅಜ್ಜಿ.

ನಾನು ಅಡುಗೆಮನೆಗೆ ಹೋಗಿ ಅತ್ತೆ. ಆಗ ಜಗಲಿಯಿಂದ ಚಿಕ್ಕಪ್ಪನ ದನಿ ಕೇಳಿಸಿತು. "ನಾನು ಮೋಟ್ರು ಸೈಕಲ್ ತತ್ತೀನಿ. ನಾನೇ ಬಿಟ್ಟು ನಾನೇ ಕರ್ಕೊಂಬತ್ತೀನಿ."

ಜನ್ಮದಲ್ಲಿ ಬರೀ ಸೈಕಲ್ಲನ್ನೂ ತುಳಿಯದ ಮನುಷ್ಯ! ಅಜ್ಜಿಗೆ ನಗು ಬಂತು. "ಕಾಲೇಜು ತೆರೆಯೋ ದಿನ ಬಾಗ್ಲಲ್ಲಿ ಗಾಡಿ ನಿಂತಿದ್ರೆ ಓಗ್ಲಿ. ಇಲ್ದಿದ್ರೆ ಅಟ್ಟೂರು" ಎಂದಳು. ಇನ್ನು ಉಳಿದಿದ್ದು ಮೂರು ವಾರ.

ಚಿಕ್ಕಪ್ಪನಿಗೆ ಬೇಕಾಗಿದ್ದು ತಗ್ಗಾಗಿ, ಉದ್ದಕ್ಕೆ, ಅಗಲ ಸೀಟಿನ, ಕುಳಿತರೆ ಎರಡು ಕಾಲೂ ನೆಲಕ್ಕೆ ಊರುವ, ಗುಡುಗುಡು ಎಂದು ಸಾವಧಾನವಾಗಿ ಸಾಗುವ ದೊಡ್ಡ ಗಾಡಿ. ಎತ್ತರದ್ದು ಮನುಷ್ಯನನ್ನು ಬೀಳಿಸುವ ಉದ್ದೇಶದಿಂದಲೇ ಎತ್ತರವಾಗಿರುತ್ತದೆ ಎಂದು ಅವರ ವಾದ. ಕಾಗದಪತ್ರ ಓದಲು ನಾನು ಜೊತೆಗೆ. ಎತ್ತಿನಗಾಡಿ ಕಟ್ಟಿಕೊಂಡು ಮೋಟಾರ್ ಸೈಕಲ್ ನೋಡಲು ಹೊರಟ ಮೆರವಣಿಗೆ ನಮ್ಮದು!

ಮೊದಲನೆಯದು ಯಲಹಂಕದಲ್ಲಿ, ವರ್ಗವಾಗಿ ಹೊರಟಿದ್ದ ಒಬ್ಬ ಮಿಲಿಟರಿ ಅಧಿಕಾರಿಯದು. ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು. ಚಿಕ್ಕಪ್ಪ ಸುತ್ತಲೂ ಮೂರು ಸಲ ನಡೆದರು. ಪೆಟ್ರೋಲ್ ಟ್ಯಾಂಕಿನ ಮೇಲೆ ಬಟ್ಟೆಯಿಂದ ಒರೆಸಿ ಒರೆಸಿ ಮೂಡಿದ್ದ ದುಂಡನೆಯ ಗೀರುಗಳ ಮೇಲೆ ಬೆರಳಾಡಿಸಿದರು. ಮುಖ ಕಪ್ಪಿಟ್ಟಿತು.

"ಸುಳಿ ಐತೆ" ಎಂದರು ನನ್ನ ಕಿವಿಯಲ್ಲಿ.

ಎತ್ತು ಕೊಳ್ಳುವವರು ಮೈಮೇಲಿನ ಕೂದಲ ಸುಳಿ ನೋಡುತ್ತಾರಲ್ಲ, ಅದು! ಬೆನ್ನ ಮೇಲೆ ಕೆಟ್ಟ ಸುಳಿಯಿದ್ದರೆ ಒಡೆಯನಿಗೆ ಆಗಿಬರುವುದಿಲ್ಲವಂತೆ.

"ಚಿಕ್ಕಪ್ಪ, ಇದಕ್ಕೆ ಕೂದಲೇ ಇಲ್ಲ."

"ಅದಕ್ಕೇ ಯೋಳಿದ್ದು. ಕೂದ್ಲಿಲ್ದೇನೂ ಸುಳಿ ಬಂದೈತೆ ಅಂದ್ರೆ ಎಂಥ ಕೆಟ್ಟದ್ದಿರ್ಬೇಕು!"

ಬರಿಗೈಯಲ್ಲಿ ವಾಪಸ್ಸು ಬಂದೆವು.

ಎರಡನೆಯದು ಹೆಬ್ಬಾಳದಲ್ಲಿ ಒಬ್ಬ ಮೇಷ್ಟರದು. ಸುಳಿಯಿಲ್ಲ, ಎತ್ತರವೂ ಇಲ್ಲ. ನಾನು ಮನಸ್ಸಿನಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿಬಿಟ್ಟೆ. ಚಿಕ್ಕಪ್ಪ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು ಅದರ ದೀಪವನ್ನೇ ದಿಟ್ಟಿಸಿ ನೋಡಿ, "ಒಕ್ಕಣ್ಣಿಂದು. ಬ್ಯಾಡ" ಎಂದು ಎದ್ದರು. ಎಲ್ಲ ಮೋಟಾರ್ ಸೈಕಲ್ಲಿಗೂ ಒಂದೇ ದೀಪ ಎಂದು ಮೇಷ್ಟರು ಪಾಠ ಹೇಳುವಂತೆ ತಿಳಿಹೇಳಿದರು. "ಮೇಷ್ಟ್ರು ಯಾಕೆ ಅಷ್ಟೊಂದು ಮಾತಾಡ್ತಾರೆ?" ಎಂದು ದಾರಿಯುದ್ದಕ್ಕೂ ಚಿಕ್ಕಪ್ಪನಿಗೆ ಅದೇ ಅನುಮಾನ.

ಮೂರನೆಯದು ಯಶವಂತಪುರದ ಒಬ್ಬ ಸಾಬರ ಗ್ಯಾರೇಜಿನಲ್ಲಿ. ಎಮ್ಮೆ ಮಲಗಿದಂತೆ ತಗ್ಗಾಗಿ, ಭಾರವಾಗಿ, ಧೂಳು ಹಿಡಿದು ನಿಂತಿತ್ತು. ಹೊಳಪಿಲ್ಲದ್ದರಿಂದ ಮೋಸವೂ ಕಡಿಮೆ ಇರಬೇಕೆಂದು ಚಿಕ್ಕಪ್ಪನ ಮುಖ ಸ್ವಲ್ಪ ಸಡಿಲವಾಯಿತು. ವಯಸ್ಸು ತಿಳಿಯಲು ಎತ್ತಿನ ಸಂತೆಯಲ್ಲಿ ಕೇಳುವಂತೆಯೇ ಕೇಳಿದರು.

"ಎಷ್ಟ್ ಅಲ್ಲು?"

ಸಾಬರು ಕೆಲಸದಲ್ಲಿ ಮುಳುಗಿದ್ದರು. ಸರಪಳಿ ಓಡುವ ಚಕ್ರದ ಹಲ್ಲು ಕೇಳುತ್ತಿದ್ದಾರೆ, ಪರವಾಗಿಲ್ಲ, ಗೌಡರಿಗೆ ಯಂತ್ರ ಗೊತ್ತು ಎಂದುಕೊಂಡು, "ಮುಂದೆ ಹದಿನೆಂಟು ಹಲ್ಲು ಗೌಡ್ರೇ" ಎಂದರು.

ಚಿಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದರು! ಎತ್ತಿಗೆ ಮುಂದೆ ಎಂಟು ಹಲ್ಲು ಬಂದರೆ ಬಾಯಿ ಕೂಡಿತು, ಅದರ ಪ್ರಾಯ ಮುಗಿಯಿತು ಎಂದು ಲೆಕ್ಕ. ಇದಕ್ಕೆ ಹದಿನೆಂಟೇ?

"ಇದು ನಮ್ಮ ತಾತನ ಕಾಲದ್ದು. ನಡಿಯವ್ವ!"

"ಅರೆ, ಹಲ್ಲು ಜಾಸ್ತಿ ಇದ್ರೆ ಒಳ್ಳೇದೇ ಗೌಡ್ರೇ!" ಎಂದು ಸಾಬರು ಕೂಗಿದರು.

"ನೋಡ್ದಾ, ಒಳ್ಳೇದಂತೆ! ಮುದಿ ಗಾಡಿ ಮಾರೋನು ಇನ್ನೇನು ಯೋಳ್ತಾನೆ?"

ಕಾಲೇಜು ತೆರೆಯಲು ನಾಲ್ಕೇ ದಿನ ಇತ್ತು. ನನ್ನ ತಾಳ್ಮೆಯ ಕಟ್ಟೆ ಅಲ್ಲೇ ಒಡೆಯಿತು. ಸಾಬರ ಎದುರಿಗೇ ಕಿರುಚಿಬಿಟ್ಟೆ. "ನಿಮಗೆ ನಾನು ಓದೋದು ಬೇಡ ಅಂದ್ರೆ ಬಾಯ್ಬಿಟ್ಟು ಹೇಳಿ! ಸುಳಿ, ಕಣ್ಣು, ಹಲ್ಲು ಅಂತ ಯಾಕ್ ಆಟ ಆಡ್ತೀರಾ? ಅಟ್ಟೂರಿಗೇ ಗಾಡಿ ತಿರುಗಿಸಿ, ನಾನೇ ಹೋಗಿ ಕೂತ್ಕೋತೀನಿ!"

ಚಿಕ್ಕಪ್ಪ ಹೋಗಿ ಎತ್ತು ಕಟ್ಟಿದರು. ಮನೆಯತನಕ ಎತ್ತುಗಳ ಜೊತೆಗೂ ಮಾತಿಲ್ಲ.

ಮರುದಿನ ಬೆಳಗ್ಗೆ ಒಬ್ಬರೇ ಹೋದರು. ಮಧ್ಯಾಹ್ನ ಅದೇ ಹದಿನೆಂಟು ಹಲ್ಲಿನ ಮುದಿ ಗಾಡಿ, ಸಾಬರು ಓಡಿಸಿಕೊಂಡು, ಹಿಂದೆ ಚಿಕ್ಕಪ್ಪ ಕಣ್ಣುಮುಚ್ಚಿ ಕುಳಿತುಕೊಂಡು, ನಮ್ಮ ಬಾಗಿಲಿಗೆ ಬಂತು! ಮೂರು ದಿನ ಕಣದಲ್ಲಿ ಪಾಠ ನಡೆಯಿತು. ನಿಲ್ಲಿಸಬೇಕಾದಾಗ ಚಿಕ್ಕಪ್ಪ ಬ್ರೇಕು ಮರೆತು, "ಓ... ಓ... ನಿಂತ್ಕೋ ಮಗ" ಎನ್ನುತ್ತಿದ್ದರು. ಗಾಡಿ ಹುಲ್ಲಿನ ಮೆದೆಯೊಳಗೆ ಹೊಕ್ಕು ನಿಲ್ಲುತ್ತಿತ್ತು. "ಮಾತು ಕೇಳಾಕಿಲ್ಲ, ಇದರ ಮೇಲೆ ನಂಗೆ ನಂಬ್ಕೆ ಇಲ್ಲ" ಎಂದು ಹುಲ್ಲು ಕೊಡವಿಕೊಂಡು ಮತ್ತೆ ಹತ್ತುತ್ತಿದ್ದರು.

ಮೊದಲ ದಿನ ಬಳ್ಳಾರಿ ರಸ್ತೆಯಲ್ಲಿ ಎತ್ತಿನಗಾಡಿಗಳೂ ನಮ್ಮನ್ನು ಹಿಂದೆ ಹಾಕಿದವು. ಆದರೂ ಗಂಟೆ ಬಾರಿಸುವ ಮುಂಚೆ ನಾನು ಕಾಲೇಜಿನ ಗೇಟಿನಲ್ಲಿದ್ದೆ. "ಸಂಜೆ ಬನ್ನಿ ಚಿಕ್ಕಪ್ಪ" ಎಂದು ಹೇಳಿ ಒಳಗೆ ಓಡಿದೆ.

ಸಂಜೆ ಬಂದು ನೋಡಿದರೆ ಗಾಡಿ ಬೆಳಗ್ಗೆ ನಿಂತ ಜಾಗದಲ್ಲೇ ನಿಂತಿದೆ. ಪಕ್ಕದಲ್ಲಿ ಚಿಕ್ಕಪ್ಪ. ಗೇಟಿನ ಕಾವಲುಗಾರ, "ಏನಮ್ಮಾ ನಿಮ್ಮೋರು, ಬೆಳಗ್ಗಿಂದ ಊಟಕ್ಕೂ ಕದಲಿಲ್ಲ!" ಎಂದ. ಗೆಳತಿಯರ ಮುಂದೆ ನನಗೆ ಎಲ್ಲಿಲ್ಲದ ನಾಚಿಕೆ, ಸಿಟ್ಟು.

"ಈಗ ಕಾಲೇಜಿನ ಮೇಲೂ ಅನುಮಾನಾನಾ?" ಎಂದು ಗದರಿದೆ.

ಚಿಕ್ಕಪ್ಪ ತಲೆ ತಗ್ಗಿಸಿದರು. "ಕಾಲೇಜಿನ ಮ್ಯಾಲಲ್ಲ ಕಣವ್ವ, ನನ್ ಮ್ಯಾಲೆ. ಮನೆಗೋದ್ರೆ ಸಂಜೆ ಮತ್ತೆ ಇದನ್ನ ಏರಕ್ಕೆ ಧೈರ್ಯ ಬರಾಕಿಲ್ವೇನೋ ಅನ್ನಿಸ್ತು. ನೀನು ಇಲ್ಲಿ ದಾರಿ ಕಾಯ್ಕೊಂಡು ನಿಂತಿರ್ತೀಯ. ಅದಕ್ಕೇ ಇಲ್ಲೇ ಇದ್ಬಿಟ್ಟೆ. ಬಲೇ ಭಯ ಆಯ್ತದೆ ಕಣವ್ವ ನಂಗೆ ಇದನ್ನ ಕಂಡ್ರೆ. ಮೊದ್ಲಿಂದ್ಲೂ."

ಹಿಂದೆ ಕುಳಿತು, ಮೊದಲ ಬಾರಿಗೆ ಅವರ ಭುಜ ಹಿಡಿದುಕೊಂಡೆ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ದಾರಿಯುದ್ದಕ್ಕೂ ಅವರಿಗೆ ಕೇಳಿಸದಂತೆ ಅತ್ತೆ.

ದಿನ ಕಳೆದಂತೆ ಭಯ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ನಾನು ಡಿಗ್ರಿ ಮುಗಿಸುವ ದಿನದವರೆಗೂ ಚಿಕ್ಕಪ್ಪನ ಭಯ ಹೋಗಲಿಲ್ಲ. ಅವರು ಒಂದು ದಿನವೂ ತಪ್ಪಿಸಲಿಲ್ಲ.