ಇಂಗ್ಲೆಂಡಿನ ಗಡಿಯಾರ, ಮೊಳಕಾಲ್ಮೂರಿನ ಬಾಮೈದ

ನ್ಯಾಯದ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಲ ಬಿಚ್ಚುವ ಹಾಗಿರಲಿಲ್ಲ! ಚಳ್ಳಕೆರೆ ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ಟೆಂಡರಿನ ಪೆಟ್ಟಿಗೆಗೆ ಬೀಗ ಹಾಕಿ ಗಂಟೆ ಹೊಡೆಯುವವನು ನಾನು. ಗಂಟೆಗೆ ಮುಂಚೆ ಯಾವ ವ್ಯಾಪಾರಿ ಬೇಕಾದರೂ ತನ್ನ ರೇಟಿನ ಚೀಟಿ ಹಾಕಬಹುದು. ಹೊಡೆದ ಮೇಲೆ ಬ್ರಹ್ಮನೇ ಚೀಟಿ ಹಿಡಿದು ಏದುಸಿರು ಬಿಡುತ್ತಾ ಬಂದರೂ, "ನಾಳೆ ಬಾರಪ್ಪ" ಅನ್ನುತ್ತಿದ್ದೆ. ಬೈದವರಿದ್ದಾರೆ, ಕೈ ಮುಗಿದವರಿದ್ದಾರೆ. ನಾನು ಜಗ್ಗಿದವನಲ್ಲ.

ಇಂಥ ನನ್ನನ್ನು ಇಂಗ್ಲೆಂಡಿನ ಫುಟ್‌ಬಾಲಿಗೆ ಅಧ್ಯಕ್ಷನನ್ನಾಗಿ ಮಾಡಿದವನು ನಮ್ಮ ಮನೆ ಎದುರು ಸೈಬರ್ ಕೆಫೆ ಇಟ್ಟಿದ್ದ ಬಾಷಾ. ಆಗಿನ್ನೂ ಊರಿಗೆ ಇಂಟರ್ನೆಟ್ ಹೊಸದು. ಕಂಪ್ಯೂಟರಿನಲ್ಲಿ ಒಂದು ಆಟ ಇತ್ತು. ಇಂಗ್ಲೆಂಡಿನಲ್ಲಿ ಆಡುವ ಆಟಗಾರರಲ್ಲಿ ಹನ್ನೊಂದು ಜನರನ್ನು ನಾವು ಆರಿಸಿ ನಮ್ಮದೇ ತಂಡ ಕಟ್ಟಬೇಕು. ಅವರು ಅಲ್ಲಿ ನಿಜವಾಗಿ ಗೋಲು ಹೊಡೆದರೆ ಇಲ್ಲಿ ನಮಗೆ ಅಂಕ! ಒಬ್ಬ ಆಟಗಾರನ ಹೆಸರೂ ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಬೋಳ, ಹಲ್ಲುಬ್ಬ, ಉದ್ದಕಾಲ ಎಂದು ನಾವೇ ನಾಮಕರಣ ಮಾಡಿಕೊಂಡಿದ್ದೆವು. ಜೀವಮಾನದಲ್ಲಿ ಚೆಂಡು ಒದ್ದವನಲ್ಲದ ನಾನು ಈ ಘನ ಲೀಗಿನ ಅಧ್ಯಕ್ಷ. ಸದಸ್ಯರು ಬಾಷಾ ಮತ್ತು ನನ್ನ ಬಾಮೈದ ಓಬಳೇಶ. ಒಟ್ಟು ಮೂರೇ ಜನ!

ಓಬಳೇಶ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಮಗ್ಗದ ಎದುರಿಗೆ ಟಿವಿ ಇಟ್ಟುಕೊಂಡು ಫುಟ್‌ಬಾಲು ನೋಡಿ ನೋಡಿ ಪಂಡಿತನಾಗಿದ್ದ. ಅವನ ಹತ್ತಿರ ಕಂಪ್ಯೂಟರ್ ಎಲ್ಲಿಂದ ಬರಬೇಕು? ಶನಿವಾರ ಕಾಯಿನ್ ಬಾಕ್ಸಿನಿಂದ ನಮ್ಮ ಮನೆಗೆ ಫೋನು ಮಾಡುತ್ತಿದ್ದ. "ಬಾವಾ, ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿ ಶುರು ಮಾಡುತ್ತಿದ್ದ. "ಈ ವಾರ ಬೋಳನ್ನ ತೆಗೀರಿ, ಹಲ್ಲುಬ್ಬನ್ನ ಹಾಕ್ರಿ." ನಾನು ರಸ್ತೆ ದಾಟಿ ಹೋಗಿ ಬಾಷಾನ ಕೈಲಿ ಕಂಪ್ಯೂಟರಿನಲ್ಲಿ ಒತ್ತಿಸಿ ಬರುತ್ತಿದ್ದೆ.

ಇದು ಬರೀ ಆಟವಾಗಿರಲಿಲ್ಲ. ನನ್ನ ಹೆಂಡತಿ ಸರೋಜ ತನ್ನ ತಮ್ಮನ ಜೊತೆ ಮಾತು ಬಿಟ್ಟು ವರ್ಷವಾಗುತ್ತಾ ಬಂದಿತ್ತು. ಮಾವನವರು ತೀರಿಕೊಂಡ ದಿನ ನಾವು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಹೊತ್ತು ಮುಳುಗೋದರೊಳಗೆ ಆಗಬೇಕು ಅಂತ ಹಿರಿಯರು ಪಟ್ಟು ಹಿಡಿದಿದ್ದರಂತೆ, ಓಬಳೇಶ ಎದುರಾಡಲಿಲ್ಲವಂತೆ. "ಹೆತ್ತ ಮಗಳಿಗೆ ಅರ್ಧ ಗಂಟೆ ಕಾಯಕ್ಕೆ ಆಗಲಿಲ್ವೇನೋ ನಿನಗೆ?" ಎಂದು ಸರೋಜ ಅಂಗಳದಲ್ಲೇ ಕೂಗಿ ಬಂದವಳು ಮತ್ತೆ ತವರಿನ ಹೊಸ್ತಿಲು ತುಳಿದಿರಲಿಲ್ಲ. ತಡವಾಗಿದ್ದು ಯಾರಿಂದ ಅಂತೀರಿ? ನನ್ನಿಂದಲೇ! ಹೊರಡಲು ನಿಂತಿದ್ದ ಪ್ರೈವೇಟ್ ಬಸ್ಸು ಬಿಟ್ಟು, ಬೋರ್ಡಿನಲ್ಲಿ ಟೈಮು ಬರೆದಿದ್ದ ಬಸ್ಸಿಗೇ ಕಾದೆ. ನಾನು ಓದಿದ್ದು ಭಾನುವಾರದ ಟೈಮು. ಅವತ್ತು ಗುರುವಾರ.

ಹಾಗಾಗಿ ಆ ಶನಿವಾರದ ಫೋನೊಂದೇ ಎರಡು ಮನೆಗೆ ಉಳಿದಿದ್ದ ದಾರಿ. ಫೋನು ಬಂದರೆ ಸರೋಜಗೆ ಎಲ್ಲಿಲ್ಲದ ಕೆಲಸ ಅಲ್ಲೇ ಹುಟ್ಟಿಕೊಳ್ಳುತ್ತಿತ್ತು. ಅವರೆಕಾಯಿ ಬುಟ್ಟಿ ತಂದು ಫೋನಿನ ಪಕ್ಕ ಕೂತು ಸುಲಿಯುತ್ತಿದ್ದಳು. ಫೋನು ಇಟ್ಟ ಮೇಲೆ, "ಕೆಮ್ಮು ಐತಾ ಅವನಿಗೆ? ದನಿ ಬಿದ್ದಂಗೆ ಐತಲ್ಲ" ಅನ್ನುತ್ತಿದ್ದಳು. "ನೀನೇ ಕೇಳು" ಅಂದರೆ, "ನಾನ್ಯಾಕೆ ಕೇಳ್ಲಿ?" ಎಂದು ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು.

ಅಧ್ಯಕ್ಷನಾದವನು ನಿಯಮ ಮಾಡದೆ ಇರಲಾದೀತೇ? ಆ ಆಟದ ಬಾಗಿಲು ಶನಿವಾರ ನಮ್ಮ ಲೆಕ್ಕಕ್ಕೆ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ ಅಂತ ಬಾಷಾ ಮೊದಲ ದಿನವೇ ಹೇಳಿದ್ದ. ನಾನು ಟೆಂಡರ್ ಪೆಟ್ಟಿಗೆಯ ಕಾನೂನನ್ನು ಎತ್ತಿ ತಂದು ಫುಟ್‌ಬಾಲಿನ ಮೇಲೆ ಕೂರಿಸಿದೆ. ನಾಲ್ಕರ ನಂತರ ಬದಲಾವಣೆ ಇಲ್ಲ. ಕಾರಣ ಕೇಳುವ ಪದ್ಧತಿಯೂ ಇಲ್ಲ! ಮಳೆ, ಕರೆಂಟು, ಜ್ವರ, ಸಾವು, ಯಾವುದನ್ನೂ ಪರಿಗಣಿಸಲಾಗುವುದಿಲ್ಲ. ಬಾಷಾ ನಕ್ಕು, "ಕ್ಯಾ ಭಾಯ್, ಇದೇನು ಆಟಾನಾ ಕೋರ್ಟಾ?" ಅಂದ. ನನಗೆ ಅದು ಹೊಗಳಿಕೆಯಂತೆ ಕೇಳಿಸಿತು.

ದೀಪಾವಳಿ ಹತ್ತಿರವಿದ್ದ ಒಂದು ಶನಿವಾರ ಮೂರಾಯಿತು, ಮೂರೂವರೆಯಾಯಿತು, ಓಬಳೇಶನ ಫೋನಿಲ್ಲ. ಸರೋಜ ಅವತ್ತು ಬುಟ್ಟಿಯಿಲ್ಲದೆ, ಬರಿಗೈಯಲ್ಲೇ ಬಂದು ಫೋನಿನ ಹತ್ತಿರ ನಿಂತಿದ್ದಳು.

"ಇವತ್ತು ನಾನು ಮಾತಾಡ್ತೀನಿ ರೀ. ಬುಧವಾರ ಅಪ್ಪನ ವರ್ಷದ ಎಡೆ ಐತೆ. ಹೆಂಗೆ ಮಾಡ್ತಾನೋ ಏನೋ."

ನಾಲ್ಕು ದಾಟಿತು. ನಾಲ್ಕೂ ಹತ್ತಕ್ಕೆ ಫೋನು ಬಡಿದುಕೊಂಡಿತು. ಸರೋಜ ಕೈ ಚಾಚಿದಳು. ನಾನು ಅವಳಿಗಿಂತ ಮುಂಚೆ ಎತ್ತಿದೆ. ಲೀಗಿನ ಮೊದಲ ಅಪರಾಧಿ ತಾನಾಗಿ ಸಿಕ್ಕಿದ್ದಾನೆ, ಬಿಡುತ್ತೇನೆಯೇ!

"ಬಾವಾ, ನಾನು ಓಬಳೇಶ. ಸ್ವಲ್ಪ ಲೇಟಾಯ್ತು, ಬಸ್..."

"ಕಾರಣ ಕೇಳೋ ಪದ್ಧತಿ ಇಲ್ಲ ಓಬಳೇಶ!"

"ಅದಲ್ಲ ಬಾವಾ, ಅಕ್ಕ..."

"ಅಕ್ಕನೂ ಇಲ್ಲ, ಬಾವನೂ ಇಲ್ಲ. ಹೊತ್ತು ಅಂದ್ರೆ ಹೊತ್ತು. ಹತ್ತು ನಿಮಿಷ ತಡ ಆದ್ರೂ ತಡಾನೇ. ಯಾರಿಗೂ ಕಾಯಲ್ಲ. ಸಂಬಂಧ ಬೇರೆ, ನಿಯಮ ಬೇರೆ!"

ಸರೋಜ, "ಕೊಡ್ರಿ ಇಲ್ಲಿ" ಎಂದು ನನ್ನ ತೋಳು ಹಿಡಿದು ಜಗ್ಗಿದಳು. "ತಡಿಯೇ, ನ್ಯಾಯ ನಡೀತಾ ಐತೆ" ಎಂದು ಗದರಿದೆ. ಆ ಕಡೆಯಿಂದ ಬಸ್ಸಿನ ಹಾರನ್ನು, "ಹಿರಿಯೂರ್ ಹಿರಿಯೂರ್" ಎಂದು ಯಾರೋ ಕೂಗುವುದು ಕೇಳಿಸಿತು. ಮೊಳಕಾಲ್ಮೂರಿನಲ್ಲಿ ಹಿರಿಯೂರಿಗೆ ಯಾಕೆ ಕೂಗುತ್ತಾರೆ ಅಂತ ಈ ಮಹಾಬುದ್ಧಿವಂತನಿಗೆ ಹೊಳೆಯಲಿಲ್ಲ.

ಓಬಳೇಶ, "ಸರೇ ಬಾವಾ. ನೀವು ಹೇಳಿದ್ದು ಸರೀನೇ" ಅಂದ. ಫೋನು ಇಟ್ಟುಬಿಟ್ಟ.

"ಪಾಪಿ ನೀವು" ಅಂದಳು ಸರೋಜ. ಅಷ್ಟೇ. ನಾನು ಎದೆಯುಬ್ಬಿಸಿಕೊಂಡು ಟೀ ಕೇಳಿದೆ. ಟೀ ಬರಲಿಲ್ಲ.

ಬುಧವಾರ ಬಂತು. ಸರೋಜ ಬೆಳಗ್ಗೇನೇ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು, ಬಾಗಿಲಿಗೆ ಮುಖ ಮಾಡಿ ಕೂತಳು. "ಹೋಗೋಣ ನಡಿ" ಅಂದೆ. "ಕರೀದಿರೋ ಮನೆಗೆ ಹೆಂಗ್ರೀ ಹೋಗ್ಲಿ? ಅಪ್ಪ ಇದ್ದಿದ್ರೆ ಕರೀದೇನೇ ಹೋಗ್ತಿದ್ದೆ" ಅಂದಳು. ಫೋನು ಬರಲಿಲ್ಲ, ಯಾರೂ ಬರಲಿಲ್ಲ. ಸಾಯಂಕಾಲದವರೆಗೆ ಒಂದು ಲೋಟ ನೀರೂ ಕುಡಿಯಲಿಲ್ಲ. ನನಗೆ ಸಂಕಟವಾಯಿತು, ಆದರೆ ತಪ್ಪು ಓಬಳೇಶನದು ಅಂತಲೇ ತೀರ್ಪು ಕೊಟ್ಟೆ. ತೀರ್ಪು ಕೊಡುವುದು ನನಗೆ ಅಷ್ಟೊಂದು ರೂಢಿಯಾಗಿಬಿಟ್ಟಿತ್ತು.

ಮುಂದಿನ ಶನಿವಾರವೂ ಅವನ ಫೋನಿಲ್ಲ. ನನ್ನ ತಂಡವನ್ನಾದರೂ ಒತ್ತಿಸೋಣ ಅಂತ ಬಾಷಾನ ಕೆಫೆಗೆ ಹೋದರೆ ಕರೆಂಟಿಲ್ಲ! ಬಂದಾಗ ನಾಲ್ಕು ದಾಟಿತ್ತು.

"ಮುಗೀತು ಬಿಡು ಬಾಷಾ. ಇವತ್ತು ನಾನೇ ಅಪರಾಧಿ."

"ಎಲ್ಲಿ ಮುಗೀತು ಭಾಯ್? ಐದರವರೆಗೆ ಟೈಮ್ ಐತೆ. ಚಳಿಗಾಲ ಬಂತಲ್ಲ, ಅಲ್ಲಿ ಗಡಿಯಾರನ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ."

"ಏನಂದೆ? ಗಡಿಯಾರ ತಿರುಗಿಸ್ತಾರಾ? ಯಾವಾಗಿಂದ?"

"ಹೋದ ಶನಿವಾರವೂ ಐದೇ ಇತ್ತಲ್ಲ. ನಿಮಗೆ ಗೊತ್ತಿಲ್ವಾ? ಅಧ್ಯಕ್ಷರು ನೀವು!"

ಗಡಿಯಾರ ಅಂದರೆ ದೇವರು ಅಂದುಕೊಂಡಿದ್ದೆ. ಆ ಇಂಗ್ಲಿಷಿನವರು ಅದರ ಕಿವಿ ಹಿಂಡಿ ಹಿಂದಕ್ಕೆ ಕೂರಿಸುತ್ತಾರಂತೆ! ಬಾಗಿಲು ತೆರೆದೇ ಇದ್ದಾಗ ಹೊರಗೆ ನಿಂತು ಮುಚ್ಚಿದೆ ಅಂತ ಕೂಗಿದವನು ನಾನೊಬ್ಬನೇ.

ಮರುದಿನ ಬೆಳಗ್ಗೆ ಮೊಳಕಾಲ್ಮೂರಿಗೆ ಹೊರಟೆ. ವಿಷಯ ಕೇಳಿದ ಸರೋಜ ಸೀರೆ ಬದಲಾಯಿಸಿ ಬಂದು ಬಸ್ಸು ಹತ್ತಿದಳು. "ಕರೆದಿಲ್ಲವಲ್ಲ" ಅನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಓಬಳೇಶ ಮಗ್ಗದ ಗುಂಡಿಯಲ್ಲಿ ಕೂತಿದ್ದ. ಅಕ್ಕನನ್ನು ನೋಡಿ ಎದ್ದು ನಿಂತ. ಮಾತು ಶುರು ಮಾಡುವ ಜವಾಬ್ದಾರಿ ನನ್ನದು ಎಂದು ನಾನೇ ತಿಳಿದು, ಭೂಮಿ ತಿರುಗುವುದು, ಇಂಗ್ಲೆಂಡಿನ ಚಳಿಗಾಲ, ನಾಲ್ಕು ಐದಾದದ್ದು, ಎಲ್ಲವನ್ನೂ ವಿವರಿಸಿದೆ. ಕೊನೆಗೆ, "ಆದ್ದರಿಂದ ಅಧ್ಯಕ್ಷನಾಗಿ ನಿನ್ನ ತಂಡವನ್ನು ಅಂಗೀಕರಿಸಬೇಕಾಗಿತ್ತು" ಅಂದೆ.

"ನಾನು ತಂಡ ಹೇಳಕ್ಕೆ ಫೋನ್ ಮಾಡಿರಲಿಲ್ಲ ಬಾವಾ" ಅಂದ ಓಬಳೇಶ. "ಚಳ್ಳಕೆರೆ ಬಸ್ ಸ್ಟ್ಯಾಂಡಲ್ಲಿ ಇದ್ದೆ. ಅಪ್ಪನ ಎಡೆಗೆ ಮನೆ ಮಗಳನ್ನ ಬಾಗಿಲಿಗೆ ಬಂದು ಕರೀಬೇಕಲ್ಲ, ಅದಕ್ಕೆ ಬಂದಿದ್ದೆ. ಒಂದೇ ಸಲ ಬಂದು ನಿಂತ್ರೆ ಅಕ್ಕ ಬೈತಾಳೇನೋ ಅಂತ ಮೊದಲು ಫೋನ್ ಮಾಡಿದೆ. ಹೊತ್ತು ಅಂದ್ರೆ ಹೊತ್ತು, ಯಾರಿಗೂ ಕಾಯಲ್ಲ ಅಂದ್ರಿ. ಹಿಂದೆ ಅಕ್ಕನ ದನಿ ಕೇಳ್ತು. ಅಪ್ಪನ್ನ ಮಣ್ಣು ಮಾಡಿದ ದಿನ ನಾನು ಕಾಯದೇ ಇದ್ದಿದ್ದನ್ನ ನಿಮ್ಮ ಬಾಯಲ್ಲಿ ಹೇಳಿಸ್ತಾವಳೆ ಅನ್ಕೊಂಡೆ. ಹಂಗೇ ತಿರುಗಿ ಬಸ್ ಹತ್ತಿದೆ."

ಓಬಳೇಶ ಈಗ ಸರೋಜಳ ಕಡೆ ತಿರುಗಿದ.

"ಆದ್ರೂ ಬುಧವಾರ ಎಡೆ ಹಾಕಲಿಲ್ಲ ಅಕ್ಕಾ. ಬಂದ್ರೂ ಬರ್ತಾಳೆ ಅಂತ ಕಾದೆ. ಹಿರಿಯರು ಬೈದ್ರು, ಹೊತ್ತು ಮೀರ್ತಾ ಐತೆ ಅಂದ್ರು. ಮೀರ್ಲಿ ಅಂದೆ. ಕತ್ತಲಾಗೋ ತನಕ ಕಾದೆ."

ಸರೋಜ ನಿಂತಲ್ಲೇ ಕುಸಿದು ಕೂತು ಅತ್ತಳು. ಹೋದ ವರ್ಷದ್ದೂ ಈ ವರ್ಷದ್ದೂ ಸೇರಿಸಿ ಅತ್ತಳು. ಓಬಳೇಶನೂ ಪಕ್ಕದಲ್ಲಿ ಕೂತು ಮಗುವಿನ ಹಾಗೆ ಅತ್ತ. ಅವರಿಬ್ಬರ ಕೋಪ ಅವತ್ತೇ ಕಳೆಯಿತು. ನನ್ನ ಮೇಲಿನದು ಮಾತ್ರ ಈಗಲೂ ಐತೆ, ಗಟ್ಟಿಮುಟ್ಟಾಗಿ ಐತೆ.

ಸಂಜೆ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಏನಾದರೂ ಪರಿಹಾರ ಸೂಚಿಸಲೇಬೇಕು ಅನ್ನಿಸಿತು. ಗಂಟಲು ಸರಿಮಾಡಿಕೊಂಡು, "ಇನ್ಮೇಲೆ ತಡವಾಗಿ ಬಂದವರಿಗೂ ಅವಕಾಶ ಕೊಡೋಣ ಅಂತ ನಿಯಮ ತಿದ್ದುಪಡಿ ಮಾಡ್ತೀನಿ ಸರೋಜ" ಅಂದೆ.

ಅವಳು ನಿಂತು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾರಿಗೆ ಕೊಡ್ತೀರಿ ರೀ?" ಅಂದಳು. "ನಮ್ಮಪ್ಪ ಬರ್ತಾರಾ ತಿರುಗಿ?"

ಇಡೀ ಯಾರ್ಡಿನ ವ್ಯಾಪಾರಿಗಳ ಬಾಯಿ ಮುಚ್ಚಿಸಿದ ನ್ಯಾಯಾಧೀಶನಾದ ನಾನು ಅವಳ ಕೈಚೀಲ ಇಸ್ಕೊಂಡು ಹಿಂದೆ ಹಿಂದೆ ನಡೆದೆ.