ವಿ-ಸಿಂಕೂ ಅತ್ತೆಯವರ ಎಡಗಣ್ಣೂ

ಇನ್ನೊಬ್ಬರ ಸೆರಗು ಹರಿದದ್ದು ಕಣ್ಣಿಗೆ ಬಿದ್ದರೆ ಹೇಳಬೇಕೋ, ಸುಮ್ಮನಿರಬೇಕೋ? ಈ ವಿಷಯದಲ್ಲಿ ಜನ ಎರಡು ಪಂಗಡ. ನಮ್ಮ ಅತ್ತೆಯವರದು ಹೇಳುವ ಪಂಗಡ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸಿಗೂ ಕೂಗಿ ಹೇಳುತ್ತಾರೆ. ಆಕೆ ತಿರುಗಿ ನೋಡದಿದ್ದರೆ ಮರಾಠಿಯಲ್ಲಿ ಇನ್ನೊಮ್ಮೆ ಹೇಳುತ್ತಾರೆ. ನನ್ನದು ಸುಮ್ಮನಿರುವ ಪಂಗಡ. ಬೆಳಗಾವಿ ಕ್ಯಾಂಪಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು, ಹರಿದದ್ದನ್ನು ನೋಡಲು ಕಣ್ಣು ಬೇಕು, ನೋಡಿಯೂ ನೋಡದಂತೆ ಇರಲು ಸಂಸ್ಕಾರ ಬೇಕು ಎನ್ನುತ್ತಿದ್ದರು. ಕಣ್ಣೇನೋ ನನಗೆ ಹುಟ್ಟಿನಿಂದಲೇ ಇತ್ತು. ಗೋಡೆಗೆ ತೂಗುಹಾಕಿದ ಫೋಟೊ ಕೂದಲೆಳೆಯಷ್ಟು ವಾಲಿದರೂ ನನಗೆ ಊಟ ಸೇರುವುದಿಲ್ಲ. ಆದರೆ ಬಾಯಿ ಬಿಡುವುದಿಲ್ಲ. ಯಾರೂ ಇಲ್ಲದಾಗ ಹೋಗಿ ನೆಟ್ಟಗೆ ಮಾಡಿ ಬರುತ್ತೇನೆ.

ನಮ್ಮ ಮನೆ ಹಿಂಡಲಗಾದಲ್ಲಿದೆ. ಹಾಗೆಂದರೆ ಸಾಕು, ಜೈಲಿನ ಒಳಗೋ ಹೊರಗೋ ಎಂದು ಕೇಳಿ ನಗುವವರು ಬೆಳಗಾವಿಯಲ್ಲಿ ಬೇಕಾದಷ್ಟು ಜನ. ನಮ್ಮವರು ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್. ಬೆಳಗಿನ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಚಹಾ ಕುಡಿದ ಮೇಲೆ ಅವರು ಬಸ್ಸು ಓಡಿಸುತ್ತಾರೆ. ಕಂಪ್ಯೂಟರಿನಲ್ಲಿ. ಮಗಳು ಸುರಭಿಯ ಕಾಲೇಜಿಗೆಂದು ತಂದ ಯಂತ್ರ ಅದು. ಸಂಜೆಯಾದರೆ ಅಪ್ಪನ ಡಿಪೋ ಆಗುತ್ತದೆ. ಯಾವುದೋ ದೇಶದ ತಣ್ಣಗಿನ ರಸ್ತೆ, ಎರಡೂ ಬದಿಗೆ ಮರಗಳು. ಸ್ಟಾಪಿನಲ್ಲಿ ನಿಂತವರನ್ನೆಲ್ಲ ಹತ್ತಿಸಿಕೊಂಡು, ಬಾಗಿಲು ಹಾಕಿ, ಇಂಡಿಕೇಟರ್ ಕೊಟ್ಟೇ ಹೊರಡುತ್ತಾರೆ. ಹಗಲೆಲ್ಲ ಕೆಂಪಗೆ ಕಾದ ಕಬ್ಬಿಣದ ಮುಂದೆ ನಿಂತು ಬಂದ ಮನುಷ್ಯ, ಓಡಿಸಲಿ ಬಿಡಿ. ಆದರೆ ಮೊದಲ ದಿನವೇ ನನಗೊಂದು ಕಂಡಿತು. ಬಸ್ಸು ತಿರುವಿನಲ್ಲಿ ಹೊರಳುವಾಗ ಮರದ ಮೇಲರ್ಧ ಒಂದು ಕಡೆ, ಕೆಳಗರ್ಧ ಇನ್ನೊಂದು ಕಡೆ. ಯಾರೋ ಪರದೆಗೆ ಅಡ್ಡಲಾಗಿ ಕತ್ತರಿ ಆಡಿಸಿ, ಕೂಡಲೇ ಜೋಡಿಸಿಟ್ಟ ಹಾಗೆ. ರೆಪ್ಪೆ ಬಡಿಯುವಷ್ಟರಲ್ಲಿ ಸರಿಯಾಗುತ್ತಿತ್ತು. ನಾನು ಎಂದಿನಂತೆ ಸುಮ್ಮನಿದ್ದೆ.

ಸುರಭಿ ಸುಮ್ಮನಿರಲಿಲ್ಲ. ಅವಳು ಹೇಳಿದ್ದನ್ನು ನಾನು ತಿಳಿದುಕೊಂಡದ್ದು ಹೀಗೆ: ಪರದೆ ತನ್ನ ಪಾಡಿಗೆ ತಾನು, ಒಂದೇ ಲಯದಲ್ಲಿ, ಮೇಲಿನಿಂದ ಕೆಳಕ್ಕೆ ಚಿತ್ರ ಬರೆಯುತ್ತ ಬರುತ್ತದೆ. ಒಳಗಿನ ಗ್ರಾಫಿಕ್ಸ್ ಕಾರ್ಡಿಗೆ ಆ ತಾಳ್ಮೆಯಿಲ್ಲ. ಹೊಸ ಚಿತ್ರ ಸಿದ್ಧವಾದ ಕೂಡಲೇ ಕೊಟ್ಟುಬಿಡುತ್ತದೆ. ಪರದೆ ಅರ್ಧ ಬರೆದಿರುವಾಗಲೇ ಹೊಸದು ಕೈಗೆ ಬಂದರೆ ಮೇಲೆ ಹಳೆಯ ಚಿತ್ರ, ಕೆಳಗೆ ಹೊಸದು. ವಿ-ಸಿಂಕ್ ಎಂಬುದನ್ನು ಹಾಕಿದರೆ, ಪರದೆ ಬರೆದು ಮುಗಿಸುವವರೆಗೆ ಕಾಯಿ ಎಂದು ಕಾರ್ಡಿಗೆ ಕಟ್ಟಪ್ಪಣೆಯಾಗುತ್ತದೆ. ಮರ ತುಂಡಾಗುವುದಿಲ್ಲ. ನಮ್ಮವರು ಒಂದು ಸಂಜೆ ಹಾಕಿ ನೋಡಿ, ಮರುದಿನವೇ ತೆಗೆಸಿದರು. ಕಾಯುವುದೆಂದರೆ ತಡವಾಗುವುದು ತಾನೆ? ಸ್ಟೇರಿಂಗ್ ತಿರುವಿದ ಮೇಲೆ ಬಸ್ಸು ಒಂದು ಗಳಿಗೆ ವಿಚಾರ ಮಾಡಿ ಆಮೇಲೆ ತಿರುಗುತ್ತದೆ ಎಂದು ಅವರ ದೂರು. ಊರೊಳಗಿನ ಗದ್ದಲದಲ್ಲಿ ಕಾರ್ಡಿನ ಕೈ ಸಾಲದೆ ಬಸ್ಸು ಜಗ್ಗಿ ಜಗ್ಗಿ ಓಡುತ್ತದೆ ಎಂದು ಇನ್ನೊಂದು. ಹರಿದರೆ ಹರಿಯಲಿ, ಮಾತು ಕೇಳುವ ಬಸ್ಸು ಬೇಕು ಎಂದು ಅಪ್ಪ. ಅಷ್ಟು ಅವಸರಕ್ಕೆ ಇದೇನು ರೇಸೇ ಎಂದು ಮಗಳು. ನನ್ನನ್ನು ಕೇಳಿದರೆ ಇಬ್ಬರದೂ ಸರಿ ಎನ್ನುತ್ತಿದ್ದೆ. ಆದ್ದರಿಂದ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಮೈದುನನ ಮನೆಯಿಂದ, ಅಂದರೆ ಖಾನಾಪುರದಿಂದ, ಅತ್ತೆ ಬಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಲ್ಲೆ ಒಲ್ಲೆ ಎನ್ನುತ್ತಿದ್ದವರನ್ನು ನಮ್ಮವರೇ ಗಂಟುಬಿದ್ದು ಕರೆಸಿಕೊಂಡು ಬಲಗಣ್ಣಿನ ಆಪರೇಶನ್ ಮಾಡಿಸಿದರು. ಎಡಗಣ್ಣು ಮುಂದಿನ ತಿಂಗಳು ಎಂದು ಡಾಕ್ಟರು ಹೇಳಿದ್ದರು. ನಾವು ಜೈನರು, ಅತ್ತೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿಬಿಡುತ್ತಾರೆ. ಊಟವಾದ ಮೇಲೆ ಮಗನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬಸ್ಸಿನಲ್ಲಿ ಕೂರುವುದು ಅವರಿಗೆ ರೂಢಿಯಾಯಿತು. ಮುದುಕಿಯೊಬ್ಬಳು ಸ್ಟಾಪಿನಲ್ಲಿ ಉಳಿದಳು, ನಿಲ್ಲಿಸು ಎನ್ನುವರು. ನಮ್ಮವರು ನಿಲ್ಲಿಸುವರು. ಚಿಕ್ಕಂದಿನಲ್ಲೂ ತಾಯಿಮಗ ಇಷ್ಟು ಹೊತ್ತು ಒಟ್ಟಿಗೆ ಕೂತಿದ್ದರೋ ಇಲ್ಲವೋ.

ಒಂದು ಸಂಜೆ ನಾನು ಸೊಪ್ಪು ಸೋಸುತ್ತ ಅಲ್ಲೇ ಕುಳಿತಿದ್ದೆ. ಅತ್ತೆ ತಿರುಗಿ, ಪರದೆಯ ಮರಗಳತ್ತ ಕೈ ತೋರಿಸಿ, “ಸುನೀತಾ, ಈ ಗಿಡಾ ನಿನಗ ನೆಟ್ಟಗ ಕಾಣತಾವೇನ?” ಎಂದರು. ನಮ್ಮವರು ಆಗಷ್ಟೇ ಒಂದು ಕಠಿಣ ತಿರುವನ್ನು ಯಾರಿಗೂ ತಾಗಿಸದೆ ದಾಟಿ ಖುಷಿಯಲ್ಲಿದ್ದರು. ಅಂಥ ಹೊತ್ತಿನಲ್ಲಿ ಅವರ ಬಸ್ಸಿನ ಕುಂದನ್ನು ಎತ್ತಿ ಆಡುವುದೆ? “ಹೂಂರೀ ಅತ್ತಿ, ಚಂದ ಕಾಣತಾವ” ಎಂದು ಸೊಪ್ಪಿನ ಕಡೆ ನೋಡಿದೆ. ಅತ್ತೆ ಮುಂದೆ ಮಾತಾಡಲಿಲ್ಲ. ಅವರು ಮಾತು ನಿಲ್ಲಿಸುವುದು ಅಪರೂಪ; ಅದನ್ನೂ ನಾನು ಗಮನಿಸಿದೆ, ಅದಕ್ಕೂ ಸುಮ್ಮನಿದ್ದೆ.

ಆ ವಾರವೇ ಅತ್ತೆ ಎಡಗಣ್ಣಿನ ಆಪರೇಶನ್ ಬೇಡವೆಂದರು. ಕಾರಣ ಕೇಳಿದರೆ ಒಂದು ದಿನ ಶೀತ, ಇನ್ನೊಂದು ದಿನ ಖಾನಾಪುರದ ಮನೆಯ ಉಪ್ಪಿನಕಾಯಿ ಭರಣಿ. ಬಟ್ಟೆಗಳು ಚೀಲ ಸೇರಿದವು. ಎಡಗಣ್ಣಿನ ಪೊರೆ ಪೂರಾ ಬಲಿತಿದೆ, ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ನಮ್ಮವರು ಮೊದಲು ಸಮಾಧಾನದಿಂದ, ಆಮೇಲೆ ಸಿಟ್ಟಿನಿಂದ ಹೇಳಿದರು. ಆಮೇಲೆ ಹೇಳುವುದನ್ನೇ ಬಿಟ್ಟರು. ಬಸ್ಸು ಡಿಪೋದಲ್ಲೇ ನಿಂತಿತು. ತಾಯಿಮಗನ ಮಾತೆಲ್ಲ ನನ್ನ ಮೂಲಕ ಹಾಯತೊಡಗಿತು. ಮಗನ ಸಿಟ್ಟಿನ ಮಾತನ್ನು ಆರಿಸಿ, ತಾಯಿಯ ಹಠದ ಮಾತನ್ನು ಮೆತ್ತಗೆ ಮಾಡಿ, ಹೊತ್ತು ನೋಡಿ ದಾಟಿಸುವುದು ನನ್ನ ಕೆಲಸವಾಯಿತು. ಅಷ್ಟು ಚೆನ್ನಾಗಿ ದಾಟಿಸಿದೆನೆಂದರೆ ಒಬ್ಬರ ಸಂಕಟ ಇನ್ನೊಬ್ಬರಿಗೆ ಮುಟ್ಟಲೇ ಇಲ್ಲ.

ಸುರಭಿ ಒಂದು ಮಧ್ಯಾಹ್ನ ಅಪ್ಪನ ಆಟ ಹಚ್ಚಿಕೊಂಡು ಕುಳಿತಾಗ ಅತ್ತೆ ಬಾಗಿಲಲ್ಲಿ ನಿಂತದ್ದನ್ನು ಕಂಡೆ. ಅಂಗೈಯಿಂದ ಎಡಗಣ್ಣು ಮುಚ್ಚಿ ಪರದೆ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು. ಕಿಟಕಿಯ ಸರಳುಗಳನ್ನು ನೋಡಿ, ಮತ್ತೆ ಪರದೆಗೆ ಬಂದರು. ಏನು ನೋಡುತ್ತಿದ್ದೀರಿ ಎಂದು ಹತ್ತಿರ ಹೋಗಿ ಕೇಳಿದೆ. ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

“ಹೊಸಾ ಕಣ್ಣಿನ್ಯಾಗ ಗಿಡಾ ತುಂಡ ಆಗತಾವ, ಸುನೀತಾ. ಮನೀ ಮ್ಯಾಲಿನ ಹಂಚ ಸರದಂಗ. ಹಳೇ ಕಣ್ಣಿನ್ಯಾಗ ಏನೂ ಆಗೂದಿಲ್ಲ. ಅಂವಾ ಇಷ್ಟ ಆಸೇಲೆ ಮಾಡಿಸ್ಯಾನ, ಕೆಟ್ಟತು ಅಂತ ಹೆಂಗ ಹೇಳ್ಲಿ? ಇದೊಂದಾದ್ರೂ ಚೊಲೋ ಉಳೀಲಿ.”

ಹಳೆಯ ಕಣ್ಣಿನ ಮಬ್ಬಿನಲ್ಲಿ ಮರವೇ ಕಾಣದು, ತುಂಡಾಗುವುದು ಎಲ್ಲಿಂದ ಕಾಣಬೇಕು? ಬಸ್ ಸ್ಟ್ಯಾಂಡಿನಲ್ಲಿ ಪರರ ಹರಕನ್ನು ಕೂಗಿ ಹೇಳುವ ಹೆಂಗಸು, ತನ್ನ ಹರಕನ್ನು ಹೀಗೆ ಸೆರಗಿನ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡು ಊರಿಗೆ ಹೊರಟಿದ್ದರು. ಮರ ನನಗೂ ತುಂಡಾಗಿಯೇ ಕಾಣುತ್ತದೆ ಎಂದೆ.

“ಮತ್ತ ಅವತ್ತ ಕೇಳಿದಾಗ ಚಂದ ಕಾಣತಾವ ಅಂದ್ಯಲ್ಲ?”

ಅವರ ಸಮಾಧಾನಕ್ಕೆಂದು ಈಗ ಸುಳ್ಳು ಹೇಳುತ್ತಿದ್ದೇನೆ ಎಂದೇ ಅತ್ತೆ ತಿಳಿದರು. ತಪ್ಪೇನು? ಯಾವಾಗಲೂ ಹಿತವಾದದ್ದನ್ನೇ ಹೇಳುವವಳು ಖರೇ ಹೇಳಿದಾಗ ಯಾರು ನಂಬುತ್ತಾರೆ?

ಸಂಜೆ ನಮ್ಮವರು ಬಂದ ಕೂಡಲೇ ಅವರಿಗೆ ಚಹಾ ಕೊಡುವ ಮೊದಲೇ ವಿಷಯ ಹೇಳಿದೆ. ಆರಿಸಲಿಲ್ಲ, ಮೆತ್ತಗೂ ಮಾಡಲಿಲ್ಲ. ಅವರು ನೇರ ಹೋಗಿ ಬಸ್ಸು ಚಾಲೂ ಮಾಡಿ, “ಅವ್ವಾ, ಬಾ, ಕುಂದರ ಇಲ್ಲೆ” ಎಂದರು. ಒಂದೇ ವೃತ್ತವನ್ನು ಸುತ್ತು ಹಾಕತೊಡಗಿದರು. ಪ್ರತಿ ಸುತ್ತಿಗೂ ಮೊದಲು ಅತ್ತೆ ಗೋಡೆಯ ಕಡೆ ತಿರುಗಬೇಕು. ಸುರಭಿ ವಿ-ಸಿಂಕನ್ನು ಹಾಕಿಯೋ ತೆಗೆದೋ ಇಡಬೇಕು. ಯಾವುದೆಂದು ಅತ್ತೆ ನೋಡಿ ಹೇಳಬೇಕು. ಸರದೈತಿ, ಇಲ್ಲ, ಇಲ್ಲ, ಸರದೈತಿ ಎಂದು ಅತ್ತೆ ಹೇಳುತ್ತಾ ಹೋದರು. ಒಂದೂ ತಪ್ಪಲಿಲ್ಲ. ವಿ-ಸಿಂಕ್ ಹಾಕಿದ ಒಂದು ಸುತ್ತಿನಲ್ಲಿ ಬಸ್ಸು ತಡವಾಗಿ ಹೊರಳಿ ದೀಪದ ಕಂಬಕ್ಕೆ ಬಡಿಯಿತು. ಕಂಬ ಮಾತ್ರ ಅಖಂಡವಾಗಿತ್ತು.

ಅತ್ತೆ ಕುರ್ಚಿಗೆ ಒರಗಿದರು. “ಅಂದ್ರ ನನ್ನ ಕಣ್ಣ ಖರೇ ಐತಿ. ನಿನ್ನ ಬಸ್ಸೇ ಖೊಟ್ಟಿ ಐತಿ.” ನಮ್ಮವರು ತಲೆಯಾಡಿಸಿದರು. ಫೌಂಡ್ರಿಯ ಹೊಗೆ ಕಣ್ಣಿಗೆ ಈಗ ತಾಗಿತೆಂಬಂತೆ ಟವೆಲಿನಿಂದ ಮುಖ ಒರೆಸಿಕೊಂಡರು. ಅತ್ತೆ ಎದ್ದು ಹೋಗಿ ಚೀಲದಿಂದ ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ಹಾಕಿದರು.

ಹಾಗಾದರೆ ವಿ-ಸಿಂಕ್ ಹಾಕಬೇಕೋ ಬೇಡವೋ? ಪರದೆಯೇ ಚಿತ್ರಕ್ಕಾಗಿ ಕಾಯುವಂಥ ಹೊಸ ಮಾನಿಟರುಗಳು ಬಂದಿವೆ, ಅವಕ್ಕೆ ಈ ತಕರಾರೇ ಇಲ್ಲ ಎಂದು ಸುರಭಿ ಹೇಳುತ್ತಾಳೆ. ಮನುಷ್ಯರಲ್ಲಿ ಆ ಮಾದರಿ ಬಂದ ಸುದ್ದಿಯಿಲ್ಲ. ನನ್ನ ಮಟ್ಟಿಗೆ, ಅತ್ತೆ ಪಕ್ಕದಲ್ಲಿ ಕೂತಿರುವಾಗ ಹಾಕುವುದು ಒಳ್ಳೆಯದು. ನಮ್ಮವರು ಈಗ ತಿರುವಿಗೆ ತುಸು ಮೊದಲೇ ಕೈ ತಿರುವುವುದನ್ನು ಕಲಿತಿದ್ದಾರೆ. ಒಬ್ಬರೇ ಇದ್ದಾಗ ತೆಗೆಯುತ್ತಾರೆ, ಮರಗಳು ತುಂಡಾಗುತ್ತವೆ, ಯಾರಿಗೂ ನೋವಿಲ್ಲ. ನನ್ನ ಸಭ್ಯತೆಯ ಲೆಕ್ಕ ಮಾತ್ರ ಇಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಎದುರಿನವರು ಮುಗಿಸಲಿ ಎಂದು ನಾನು ತಡೆದಿಟ್ಟ ಮಾತುಗಳಿಂದ ಮನೆಯಲ್ಲಿ ಎಲ್ಲೂ ಹರಕು ಕಾಣಲಿಲ್ಲ, ನಿಜ. ಆದರೆ ಅವು ಮುಟ್ಟುವ ಹೊತ್ತಿಗೆ ಎಷ್ಟು ಬಸ್ಸು ಎಷ್ಟು ಕಂಬಕ್ಕೆ ಬಡಿದಿದ್ದವೋ.

ಎಡಗಣ್ಣಿನ ಆಪರೇಶನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಅತ್ತೆ ಎರಡೂ ಕಣ್ಣು ತೆರೆದು ಮನೆಯೆಲ್ಲ ಓಡಾಡಿದರು. ಅಡುಗೆಮನೆಯ ಮೂಲೆಯ ಜೇಡರ ಬಲೆ ಕಂಡಿತು. ಡಬ್ಬಿಗಳ ಮುಚ್ಚಳದ ಜಿಡ್ಡು ಕಂಡಿತು. ಆಮೇಲೆ ನಾನು ಕಂಡೆ. ಗಂಡ ಮಗಳು ಇಬ್ಬರ ಎದುರಿಗೇ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಕೂದಲಾ ಯಾವಾಗ ಇಷ್ಟ ಹಣ್ಣಾದುವ? ಕಣ್ಣಿನ ಕೆಳಗೂ ಕಪ್ಪ ಬಂದೈತಿ” ಎಂದರು.

ನಾನು ಉಳಿದಿಬ್ಬರ ಕಡೆ ನೋಡಿದೆ. ನಮ್ಮವರು ಕ್ಯಾಲೆಂಡರ್ ನೋಡುತ್ತಿದ್ದರು. ಸುರಭಿ ಬಹಳ ಸೌಮ್ಯವಾಗಿ, ಟ್ಯೂಬ್‌ಲೈಟಿನ ಬೆಳಕು ಹಾಗೆ ಬೀಳುತ್ತದೆ ಎಂದಳು. ಅಂದರೆ ಇಬ್ಬರಿಗೂ ಎಂದೋ ಕಂಡಿದೆ, ಸಂಸ್ಕಾರವಂತರು, ಹೇಳಿಲ್ಲ. ಕಲಿಸಿದವಳು ನಾನೇ, ಯಾರನ್ನು ದೂರಲಿ?

“ಮತ್ತೇನೇನ ಕಾಣತೈತ್ರಿ ಅತ್ತಿ?” ಎಂದು ಕೇಳಿಯೇಬಿಟ್ಟೆ.

ಅತ್ತೆ ಸ್ಟೂಲು ಎಳೆದುಕೊಂಡು ಕುಳಿತು ಹೇಳತೊಡಗಿದರು. ಇನ್ನೂ ಹೇಳುತ್ತಿದ್ದಾರೆ.