ಕೇಳಿಸದ ಮಾವನಿಗೆ ಓದಿಸುವ ಡಿಸ್ಕು

ಹೊಳೆನರಸೀಪುರದಲ್ಲಿ ಮದುವೆ ವಿಡಿಯೋ ತೆಗೆಯುವ ಸಿದ್ದೇಶ್ವರನನ್ನು ಅವನ ಮಾವ ಈಶ್ವರಯ್ಯನವರು ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಹೊಗಳಿದವರಲ್ಲ. "ನಮ್ಮಳಿಯ ಪೋಟೋ ಇಡೀತಾನೆ" ಎಂದು ಬಂದವರಿಗೆ ಪರಿಚಯಿಸುವಾಗ, ಇಲಿ ಹಿಡಿಯುತ್ತಾನೆ ಎಂಬ ಧಾಟಿ. (ಇಲಿ ಹಿಡಿಯುವವನಿಗಾದರೂ ಊರಲ್ಲಿ ಕರೆ ಬರುತ್ತದೆ.)

ಮಗಳು ನಿಧಿಯ ಮದುವೆ ಚನ್ನರಾಯಪಟ್ಟಣದಲ್ಲಿ ಮುಗಿದದ್ದೇ ತಡ, ಸಿದ್ದೇಶ್ವರ ಭೀಷ್ಮಪ್ರತಿಜ್ಞೆ ಕೈಗೊಂಡ: ಮಾವನ ಬಾಯಿಂದ ಒಂದು ಶಹಭಾಸ್ ಹೊರಡಿಸಿಯೇ ಸೈ. ತೊಡಕೆಂದರೆ ಮಾವನ ಕಿವಿ ಎರಡು ವರ್ಷದಿಂದ ರಜೆಯಲ್ಲಿತ್ತು. ಅದರೊಳಗೆ ಹೋಗುವುದು ಅವರ ಮಗಳು ಶಿವಗಂಗಮ್ಮನ ದನಿ ಒಂದೇ. (ಅದು ಗೋಡೆಯೊಳಗೂ ಹೋಗುತ್ತದೆ ಎಂಬುದು ಗಂಡನ ಅನುಭವ.)

ಪೆನ್‌ಡ್ರೈವ್ ಕಾಲದಲ್ಲೂ ಮಾವನ ಮನೆಯಲ್ಲಿ ಡಿವಿಡಿ ಪ್ಲೇಯರೇ ಗತಿ. ಹಾಗಾಗಿ ಡಿಸ್ಕು. ಒಂದೇ ಚಿತ್ರಕ್ಕೆ ಎರಡು ಆಡಿಯೋ ಟ್ರ್ಯಾಕು: ಒಂದರಲ್ಲಿ ಮದುವೆಮನೆಯ ಮಾತುಕತೆ, ಇನ್ನೊಂದರಲ್ಲಿ ಬರೀ ನಾದಸ್ವರ. ಮಾವನಿಗಾಗಿ ಪ್ರತಿ ಮಾತೂ ಅಚ್ಚಗನ್ನಡದ ಸಬ್‌ಟೈಟಲ್ ಆಗಿ ಪರದೆಯ ಕೆಳಗೆ.

"ಒಂದು ಮದುವೆಗೆ ಎಷ್ಟು ಬಾಲ ಕಟ್ತೀರಿ?" ಎಂದಳು ಶಿವಗಂಗಮ್ಮ.

"ಬಾಲ ಅಲ್ಲ ಕಣೇ, ಟ್ರ್ಯಾಕು. ಸ್ಟೇಷನ್ನಲ್ಲಿ ಮೂರು ನಾಕು ಇರಾಕಿಲ್ವಾ?"

"ಅಲ್ಲಿ ನೋಡ್ಕಳಕೆ ಮಾಸ್ಟ್ರು ಅವ್ರೆ. ಇಲ್ಲಿ ನೀವಿದ್ದೀರಿ."

ಭಾನುವಾರ ಅರಕಲಗೂಡಿನ ಮಾವನ ಮನೆಯಲ್ಲಿ ಪ್ರಥಮ ಪ್ರದರ್ಶನ. ಮಾವ ಕನ್ನಡಕ ಒರೆಸಿಕೊಂಡು ಕುಳಿತರು. ಪಕ್ಕದಲ್ಲಿ ಅವರ ತಂಗಿ ಬಸವಲಿಂಗಮ್ಮ. ಚಿತ್ರ ಮೂಡಿತು, ದನಿ ಹೊಮ್ಮಿತು, ಸಿದ್ದೇಶ್ವರನ ಎದೆ ಎರಡು ಅಂಗುಲ ಉಬ್ಬಿತು. ಆಮೇಲೆ ಅಕ್ಷರ ಬಂತು.

‘ಬಸವಲಿಂಗಮ್ಮ, ಮೂರನೇ ಸಲ ಹೋಳಿಗೆ. ಕತ್ತರಿಸು.’

ಎದೆ ಇಳಿಯಿತು. ಎಡಿಟ್ ಮಾಡುವಾಗ ನೆನಪಿಗಿರಲೆಂದು ಅವನು ತನ್ನ ಗುಟ್ಟಿನ ಟಿಪ್ಪಣಿಗಳನ್ನೂ ಒಂದು ಸಬ್‌ಟೈಟಲ್ ಟ್ರ್ಯಾಕಿನಲ್ಲೇ ಬರೆದಿಟ್ಟಿದ್ದ. ಅಳಿಸಲು ಮರೆತಿದ್ದ. ಮೊದಲು ಸೇರಿಸಿದ್ದೇ ಮೊದಲು ಓಡುವುದು ಡಿಸ್ಕಿನ ಧರ್ಮ. ಟ್ರ್ಯಾಕು ಬದಲಿಸೋಣವೆಂದರೆ ಆ ಮನೆಯ ರಿಮೋಟು ಕಳೆದು ವರ್ಷವಾಗಿತ್ತು.

‘ಶಿವಗಂಗಮ್ಮ, ಮುಖ ಗಂಟು. ಇಲ್ಲಿ ಹೂವಿನ ಚಪ್ಪರ ತೋರಿಸು.’

‘ಮುಹೂರ್ತದಲ್ಲಿ ಈಶ್ವರಯ್ಯನ ಗೊರಕೆ. ನಾದಸ್ವರ ಜೋರು ಮಾಡು.’

"ಯಾರ್ರೀ ಇದನ್ನ ಬರ್ದಿದ್ದು?" ಹೆಂಡತಿಯ ದನಿ ತಣ್ಣಗಿತ್ತು. ತಣ್ಣಗಿದ್ದರೇ ಅಪಾಯ.

"ನಾನಲ್ಲ ಕಣೇ. ಅಕ್ಷರ ಕೂರ್ಸಕ್ಕೆ ಆಸನದ ಮೋಹನ್‌ಕುಮಾರ್‌ಗೆ ಕೊಟ್ಟಿದ್ದೆ. ಅವನದೇ ಕಿತಾಪತಿ" ಎಂದ ಸಿದ್ದೇಶ್ವರ. ಮೋಹನ್‌ಕುಮಾರ್ ಎಂದರೆ ಸಿದ್ದೇಶ್ವರನ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ಒಯ್ದ ಹಾಸನದ ಸ್ಟುಡಿಯೋದವನು. ಬೈಸಿಕೊಳ್ಳಲು ಅವನಿಗಿಂತ ಯೋಗ್ಯರಿಲ್ಲ.

ಅಷ್ಟರಲ್ಲಿ ಈಶ್ವರಯ್ಯನವರ ಭುಜ ಕುಲುಕತೊಡಗಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮದ್ವೇಲಿ ಏನ್ ನಡೀತು ಅಂತ ನಂಗೆ ಇವತ್ತು ಗೊತ್ತಾಯ್ತು ಕಣವ್ವ. ಇದ್ದುದ್ದು ಇದ್ದಂಗೆ ಬರ್ದವ್ನೆ. ಶಹಭಾಸ್. ಯಾರು ಆ ಮಹರಾಯ?"

"ಆಸನದ ಮೋಹನ್‌ಕುಮಾರ್ ಅಂತೆ ಕಣಪ್ಪ" ಎಂದು ಶಿವಗಂಗಮ್ಮ ಕಿವಿಗೇ ಕೂಗಿದಳು.

"ಅದೇ ಅನ್ಕಂಡೆ. ನಮ್ಮೋನಿಗೆಲ್ಲಿ ಬತ್ತದೆ ಇದೆಲ್ಲ."

ಇಪ್ಪತ್ತೆಂಟು ವರ್ಷ ಕಾದ ಶಹಭಾಸ್ ಕಣ್ಣೆದುರೇ ಹಾಸನದ ಬಸ್ಸು ಹತ್ತುತ್ತಿತ್ತು. ಸಿದ್ದೇಶ್ವರ ಹೆಂಡತಿಯ ಭಯವನ್ನೂ ಮರೆತು ಮಾವನ ಕಿವಿಗೆ ಬಾಯಿಟ್ಟು ಪ್ರಾಣವೆಲ್ಲ ಸೇರಿಸಿ ಕಿರುಚಿದ: "ಮಾವ, ನಾನ್ ಬರ್ದಿದ್ದು. ನಾನ್ ಬರ್ದಿದ್ದು."

ಮಾವನ ಮುಖ ಅರಳಿತು.

"ನಂಬರ್ ಇದ್ಯಾ? ಅಂಗಾದ್ರೆ ದಪ್ಪಕ್ಷರದಾಗೆ ಬರ್ಕೊಡು. ನನ್ನ ಎಂಬತ್ತರ ಶಾಂತಿಗೆ ಅವನ್ನೇ ಕರ್ಸುವ."

ಶಿವಗಂಗಮ್ಮ ಗಂಡನನ್ನೇ ನೋಡುತ್ತ ಕಾಗದ, ಪೆನ್ನು ಮುಂದಿಟ್ಟಳು. ಸಿದ್ದೇಶ್ವರ ಮೋಹನ್‌ಕುಮಾರನ ನಂಬರನ್ನು ದಪ್ಪಕ್ಷರದಲ್ಲಿ ಬರೆದ.